ಬ್ರೇಕ್ ಶೂಗೆ ಇಟ್ಟ ದುಡ್ಡು

ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳ ಲೈನ್ ಮನೆಗಳ ಮುಂದೆ ನಿಂತ ಹಳೆಯ ಬೈಕುಗಳ ಹಿಂದಿನ ಚಕ್ರದ ಬಳಿ ಒಮ್ಮೆ ಕುಕ್ಕರುಗಾಲಲ್ಲಿ ಕೂತು ನೋಡಿ. ಬ್ರೇಕ್ ರಾಡಿನ ತುದಿಗೊಂದು ನಟ್ ಇರುತ್ತದೆ. ಹೊಸ ಗಾಡಿಯಲ್ಲಿ ಅದು ರಾಡಿನ ಕೊನೆಯಲ್ಲೇ ಕೂತಿರುತ್ತದೆ. ಡ್ರಮ್ಮಿನೊಳಗೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ಸವೆದಂತೆಲ್ಲ ನಟ್ಟನ್ನು ಬಿಗಿ ಮಾಡುತ್ತ ಬರಬೇಕು. ಥ್ರೆಡ್ ಪೂರ್ತಿ ಮುಗಿದು ನಟ್ ಒಳಕ್ಕೆ ಸೇರಿಕೊಂಡಿದ್ದರೆ ಶೂ ಬದಲಿಸುವ ಕಾಲ ಬಂದಿದೆ ಎಂದರ್ಥ. ಆದರೆ ಬಹಳಷ್ಟು ಗಾಡಿಗಳಲ್ಲಿ ಶೂ ಬದಲಾಗಿರುವುದಿಲ್ಲ. ಲಿವರ್ ಬಿಚ್ಚಿ ಒಂದು ಹಲ್ಲು ಆಚೆಗೆ ಕೂರಿಸಿ, ಇನ್ನೂ ಎರಡು ತಿಂಗಳು ಓಡಲಿ ಎಂದು ಬಿಟ್ಟಿರುತ್ತಾರೆ. ಹೀಗೆ ಮಾಡಿದಾಗ ಒಳಗೆ ಶೂಗಳನ್ನು ಅಗಲಿಸುವ ಕ್ಯಾಮ್ ತಿರುಗಬೇಕಾದ ಮಿತಿ ದಾಟಿ ತಿರುಗುತ್ತದೆ. ಗಟ್ಟಿಯಾಗಿ ತುಳಿದಾಗ ಶೂ ವಾಪಸ್ ಬಾರದೆ ಚಕ್ರ ಹಿಡಿದುಕೊಳ್ಳಬಹುದು. ಶೂ ಮೇಲಿನ ಉಜ್ಜುವ ಪದರ, ಅಂದರೆ ಲೈನರ್, ಪೂರ್ತಿ ಹೋಗಿದ್ದರೆ ಲೋಹಕ್ಕೆ ಲೋಹ ಉಜ್ಜಿ ಡ್ರಮ್ಮೇ ಗೀರಿಹೋಗುತ್ತದೆ. ಆಮೇಲೆ ಹೊಸ ಶೂ ಹಾಕಿದರೂ ಬ್ರೇಕ್ ಸರಿಯಾಗಿ ಕಚ್ಚುವುದಿಲ್ಲ, ಚಕ್ರದ ನಡುವಿನ ಹಬ್ ಅನ್ನೇ ಬದಲಿಸಬೇಕು.

ಒಂದು ಜೊತೆ ಶೂ, ಕೂಲಿ ಸೇರಿ ಹೆಚ್ಚೆಂದರೆ ನಾಲ್ಕೈದು ನೂರು ರೂಪಾಯಿ. ಆ ನಾಲ್ಕೈದು ನೂರು ಇಲ್ಲದೆ ಗಾಡಿ ಹಾಗೇ ಓಡುತ್ತಿರುತ್ತದೆ.

ದ್ವಿಚಕ್ರ ವಾಹನಗಳ ನೋಂದಣಿ ಶುಲ್ಕ ಏರಿಸಿ, ಬಂದ ಹಣದಲ್ಲಿ ಸವಾರರಿಗೆ ಸುರಕ್ಷತಾ ತರಬೇತಿ ಕೊಡಬೇಕು ಎಂಬ ವಾದ ಕೇಳಿದಾಗೆಲ್ಲ ಈ ನಟ್ ನೆನಪಾಗುತ್ತದೆ. ವಾದದ ಹಿಂದಿನ ಕಾಳಜಿಯನ್ನು ನಾವು ಅಲ್ಲಗಳೆಯುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತ ಸವಾರರು ಮತ್ತು ಹಿಂಬದಿ ಕೂತವರು 50,029. ಇವು ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದ ಅಂಕಿಗಳು. ಏನಾದರೂ ಮಾಡಲೇಬೇಕು. ಆದರೆ ಅದರ ಹಣವನ್ನು ನೋಂದಣಿ ಕೌಂಟರಿನಲ್ಲಿ ಬೈಕಿನವನ ಜೇಬಿನಿಂದ ತೆಗೆಯಬಾರದು ಎನ್ನುವುದು ನಮ್ಮ ನಿಲುವು. ಅವನು ಆ ಹಣವನ್ನು ಈಗಾಗಲೇ ಕೊಟ್ಟಿದ್ದಾನೆ. ಇನ್ನಷ್ಟು ಕೇಳಿದರೆ ಹೋಗುವುದು ಬ್ರೇಕ್ ಶೂಗೆ ಇಟ್ಟ ದುಡ್ಡು.

ಈಗ ಎಷ್ಟು ಕೊಡುತ್ತಿದ್ದಾನೆ ಎಂದು ಲೆಕ್ಕ ಹಾಕೋಣ. ಶೋರೂಂ ಬೆಲೆ 80,000 ರೂಪಾಯಿಯ ಒಂದು ಸಾಧಾರಣ ಬೈಕು ಎಂದಿಟ್ಟುಕೊಳ್ಳಿ. ಆ ಬೆಲೆಯೊಳಗೇ ಶೇ 18ರ ಜಿಎಸ್‌ಟಿ, ಅಂದರೆ ಸುಮಾರು 12,200 ರೂಪಾಯಿ ಕೂತಿದೆ. ಕರ್ನಾಟಕದಲ್ಲಿ 50 ಸಾವಿರದಿಂದ ಒಂದು ಲಕ್ಷದವರೆಗಿನ ಬೈಕಿಗೆ ಆಜೀವ ತೆರಿಗೆ ಶೇ 12, ಅದು 9,600. ತೆರಿಗೆಯ ಮೇಲೆ ಶೇ 11 ಸೆಸ್, 1,056. ಕೇಂದ್ರ ಮೋಟಾರು ವಾಹನ ನಿಯಮ 81ರ ಪ್ರಕಾರ ನೋಂದಣಿ ಶುಲ್ಕ 300. ಸಾರಿಗೆ ಕಾರ್ಮಿಕರ ಕಲ್ಯಾಣ ನಿಧಿಗೆಂದು 2025ರಿಂದ 500. ಐದು ವರ್ಷದ ಥರ್ಡ್ ಪಾರ್ಟಿ ವಿಮೆ, 75ರಿಂದ 150 ಸಿಸಿ ಗಾಡಿಗೆ 3,851, ಅದಕ್ಕೆ ಮತ್ತೆ ಜಿಎಸ್‌ಟಿ. ಗಾಡಿ ಬೆಲೆ ಒಂದು ಲಕ್ಷ ದಾಟಿತೋ, ಆಜೀವ ತೆರಿಗೆ ಶೇ 18ಕ್ಕೆ ಜಿಗಿಯುತ್ತದೆ. 1,10,000ದ ಗಾಡಿಗೆ ತೆರಿಗೆಯೇ 19,800.

ಇಷ್ಟರಲ್ಲಿ ಗಮನಿಸಬೇಕಾದ್ದು, ಬರೀ ನೋಂದಣಿ ಶುಲ್ಕ ಎನ್ನುವುದು 300 ರೂಪಾಯಿ ಮಾತ್ರ, ಅದನ್ನು ನಿಗದಿ ಮಾಡುವುದು ಕೇಂದ್ರ. ರಾಜ್ಯ ಹೆಚ್ಚಿಸಬೇಕೆಂದರೆ ತೆರಿಗೆಯಾಗಿಯೋ ಸೆಸ್ಸಾಗಿಯೋ ಹೆಚ್ಚಿಸುತ್ತದೆ. ಅಂಥದ್ದೊಂದು ಸೆಸ್ ಆಗಲೇ ಇದೆ. 2017ರ ಕರ್ನಾಟಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯ್ದೆ ಬಂದಾಗ ಪ್ರಾಧಿಕಾರದ ಜೊತೆಗೆ ಒಂದು ರಸ್ತೆ ಸುರಕ್ಷತಾ ನಿಧಿಯೂ ಹುಟ್ಟಿತು. ಹೊಸ ವಾಹನ ನೋಂದಣಿಯಾಗುವಾಗ ಒಂದು ಸಲ ಕಟ್ಟುವ ಸೆಸ್ ಆ ನಿಧಿಗೆಂದೇ ಇರುವುದು. ಪೆಟ್ರೋಲಿನ ಮೇಲಿನ ರಸ್ತೆ ಸೆಸ್ ಬೇರೆ, ದಂಡದ ಹಣ ಬೇರೆ. ಹಾಗಿರುವಾಗ ಹೊಸ ಶುಲ್ಕ ಕೇಳುವವರು ಮೊದಲು ತೋರಿಸಬೇಕಾದ್ದು ಹಳೆಯ ನಿಧಿಯ ಪಾಸ್‌ಬುಕ್ಕನ್ನು.

ಹೆಸರು ಬರೆದ ಡಬ್ಬಿಗೆ ಹಾಕಿದ ಹಣ ಆ ಹೆಸರಿನ ಕೆಲಸಕ್ಕೇ ಹೋಗುತ್ತದೆ ಎಂಬ ಭರವಸೆ ಎಲ್ಲೂ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಬೈಕ್ ನೋಂದಣಿ ಶುಲ್ಕದ ಒಂದು ಪಾಲು ಸವಾರರ ತರಬೇತಿಗೆ ಮೀಸಲಿರುತ್ತದೆ. ಇಲಿನಾಯ್ ರಾಜ್ಯದಲ್ಲೂ ಹಾಗೇ ಇತ್ತು. ಬೊಕ್ಕಸ ಬರಿದಾದಾಗ ಸರ್ಕಾರ ಆ ನಿಧಿಯಿಂದ ಹಣ ತೆಗೆದು ಸಾಮಾನ್ಯ ಖಾತೆಗೆ ಹಾಕಿಕೊಂಡಿತು. ಸವಾರರ ಸಂಘಟನೆಯಾದ ಅಬೇಟ್ ನ್ಯಾಯಾಲಯಕ್ಕೆ ಹೋಯಿತು. 2011ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಶುಲ್ಕವಾಗಿ ಬಂದದ್ದು ರಾಜ್ಯದ ಹಣ, ಅದನ್ನು ಎತ್ತಿ ಬೇರೆಡೆ ಹಾಕುವ ಅಧಿಕಾರ ಶಾಸನಸಭೆಗೆ ಇದೆ. ಸುರಕ್ಷತೆಗೆಂದು ಕೊಟ್ಟ ಸವಾರರು ಬರಿಗೈಲಿ ವಾಪಸಾದರು. ನೋಂದಣಿ ಶುಲ್ಕದಿಂದ ತರಬೇತಿ ನಡೆಸುವ ಪದ್ಧತಿ ಅಷ್ಟು ಚೆನ್ನಾಗಿ ಬೇರೂರಿದ ಕಡೆಯೇ ಹೀಗಾಗಿದೆ.

ನಮ್ಮಲ್ಲಿ ಸಂಚಾರ ನಿಯಮ ಮುರಿದ ದಂಡ ಬಾಕಿ ಉಳಿಸಿಕೊಂಡವರಿಗೆ 2023ರ ಫೆಬ್ರವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟು ವಸೂಲಿ ಮಾಡಿದರು. ಸಿಗ್ನಲ್ ದಾಟಿದವನಿಗೆ ರಿಯಾಯಿತಿ, ಕಾನೂನು ಪ್ರಕಾರ ಗಾಡಿ ನೋಂದಾಯಿಸಿಕೊಳ್ಳುವವನಿಗೆ ಹೆಚ್ಚುವರಿ ಶುಲ್ಕ ಎಂದಾದರೆ ಅದು ಅನ್ಯಾಯ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನೋಂದಣಿ ಎಂಬುದು ಗಾಡಿಯ ಬದುಕಿನಲ್ಲಿ ಒಂದು ಸಲ ನಡೆಯುವ ಕೆಲಸ. ಹೊಸ ಗಾಡಿ ಕೊಳ್ಳುವವನ ಬಳಿ ಒಳ್ಳೆಯ ಟೈರು, ಹೊಸ ಬ್ರೇಕು, 125 ಸಿಸಿಗಿಂತ ಮೇಲಿದ್ದರೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಎಲ್ಲ ಇರುತ್ತದೆ. ಅಪಾಯ ಜಾಸ್ತಿ ಇರುವುದು ಅದೇ ಗಾಡಿ ಎಂಟೋ ಹತ್ತೋ ವರ್ಷದ ಮೇಲೆ ಮೂರನೇ ಕೈಗೆ ಹೋದಾಗ. ಆಗ ಅದನ್ನು ಓಡಿಸುವವನು ಡಿಎಲ್ ಇಲ್ಲದ ಹುಡುಗನೂ ಆಗಿರಬಹುದು. ನೋಂದಣಿ ಶುಲ್ಕ ಅವನನ್ನು ಮುಟ್ಟುವುದೇ ಇಲ್ಲ.

ಮುಟ್ಟುವುದು ಒಂದೇ ಕಡೆ, 15 ವರ್ಷದ ನಂತರ ಆರ್‌ಸಿ ನವೀಕರಣದಲ್ಲಿ. ಅಲ್ಲಿ ಏನಾಗುತ್ತದೆ ಎಂದು ಹಂತ ಹಂತವಾಗಿ ನೋಡಬೇಕು. ಅವಧಿ ಮುಗಿಯುವ 60 ದಿನ ಮುಂಚೆಯಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ವಿಮೆ ಮತ್ತು ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಬೇಕು. ಗಾಡಿಯನ್ನು ಆರ್‌ಟಿಒ ಆಫೀಸಿಗೆ ಒಯ್ದು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. 2022ರ ಏಪ್ರಿಲ್ 1ರಿಂದ ಶುಲ್ಕ 1,000 ರೂಪಾಯಿ. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟಿನಿಂದ 2,000. ಹಸಿರು ತೆರಿಗೆ 250. ತಡವಾದರೆ ತಿಂಗಳಿಗೆ 300. ಕಳಸದಿಂದಲೋ ಶೃಂಗೇರಿಯಿಂದಲೋ ಚಿಕ್ಕಮಗಳೂರಿಗೆ ಗಾಡಿ ತರುವವನಿಗೆ ಒಂದು ದಿನದ ಕೂಲಿಯೂ ಹೋಯಿತು. ಗಾಡಿಯನ್ನು ಮಾರಿದರೆ ಬರುವುದು ಹತ್ತು ಸಾವಿರವೋ ಏನೋ. ಆರು ತಿಂಗಳು ತಡವಾದರೆ ದಂಡವೇ 1,800.

ಹೀಗಿದ್ದಾಗ ಮಾಲೀಕ ಮಾಡುವುದು ಸರಳ: ನವೀಕರಿಸುವುದೇ ಇಲ್ಲ. ಪೇಟೆಗೆ ತರದೆ ತೋಟ, ಗದ್ದೆ, ಹಾಲಿನ ಡೇರಿ ಅಂತ ಓಡಿಸಿಕೊಂಡಿರುತ್ತಾನೆ. ಆರ್‌ಸಿ ಇಲ್ಲದ ಮೇಲೆ ವಿಮೆ ಯಾಕೆ ಎಂದು ಅದನ್ನೂ ಬಿಡುತ್ತಾನೆ. ಮುಂದೊಂದು ದಿನ ಆ ಗಾಡಿ ಶಾಲೆಯ ಮಗುವಿಗೆ ಬಡಿದರೆ ಪರಿಹಾರ ಕೊಡಲು ವಿಮಾ ಕಂಪನಿ ಇರುವುದಿಲ್ಲ. ಮಾಲೀಕನ ಹೆಸರಿನಲ್ಲಿ ಅರ್ಧ ಎಕರೆ ಜಮೀನೂ ಇರುವುದಿಲ್ಲ. ಶುಲ್ಕ ಏರಿದಷ್ಟೂ ಇಂಥ ಗಾಡಿಗಳು ಹೆಚ್ಚುತ್ತವೆ. ಸುರಕ್ಷತೆಗೆಂದು ಏರಿಸಿದ ಶುಲ್ಕವೇ ಗಾಡಿಯನ್ನು ತಪಾಸಣೆಯಿಂದಲೂ ವಿಮೆಯಿಂದಲೂ ಆಚೆ ತಳ್ಳುತ್ತದೆ. ನಮ್ಮ ವಿರೋಧದ ಮುಖ್ಯ ಕಾರಣ ಇದೇ.

ಇನ್ನು ತರಬೇತಿಯ ವಿಷಯ. ನಮ್ಮಲ್ಲಿ ಬೈಕಿಗೆ ಕಡ್ಡಾಯ ತರಬೇತಿ ಎಂಬುದೇ ಇಲ್ಲ ಎನ್ನುವುದು ನಿಜ. ಎಲ್‌ಎಲ್‌ಆರ್ ಆಗಿ 30 ದಿನ ಕಳೆದ ಮೇಲೆ ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟರ ಆಕಾರ ಸುತ್ತಿದರೆ ಡಿಎಲ್ ಸಿಗುತ್ತದೆ. ನಿಧಾನಕ್ಕೆ ಓಡಿಸುವಾಗಿನ ಸಮತೋಲನವನ್ನು ಎಂಟು ಅಳೆಯುತ್ತದೆ. 50 ಕಿಲೋಮೀಟರ್ ವೇಗದಲ್ಲಿ ನಾಯಿ ಅಡ್ಡ ಬಂದರೆ ಇವನು ಏನು ಮಾಡುತ್ತಾನೆ ಎಂಬುದು ಆ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಆದರೂ ತರಬೇತಿಗೆ ಹಣ ಸುರಿದರೆ ಸಾವು ಇಳಿಯುತ್ತದೆ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಸವಾರರ ತರಬೇತಿಯ ಮೇಲಿನ ಅಧ್ಯಯನಗಳನ್ನೆಲ್ಲ 2010ರಲ್ಲಿ ಒಟ್ಟಾಗಿ ಪರಿಶೀಲಿಸಿದ, ಆರೋಗ್ಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವರದಿ, ತರಬೇತಿಯಿಂದ ಅಪಘಾತ ಕಡಿಮೆಯಾಗುತ್ತದೆ ಎಂದು ಖಚಿತವಾಗಿ ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಹೆಲ್ಮೆಟ್ ಬಗ್ಗೆ ಅದೇ ಸಂಸ್ಥೆಯ ಪರಿಶೀಲನೆ ಸ್ಪಷ್ಟವಾಗಿತ್ತು: ಸಾವಿನ ಅಪಾಯ ಶೇ 42ರಷ್ಟು, ತಲೆಪೆಟ್ಟು ಶೇ 69ರಷ್ಟು ಕಡಿಮೆ.

ಹೆಲ್ಮೆಟ್ಟಿಗೆ ಹೊಸ ಶುಲ್ಕ ಬೇಕಿಲ್ಲ, ಇರುವ ನಿಯಮ ಸಾಕು. ಬೈಕ್ ಮಾರುವಾಗ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಗುಣಮಟ್ಟದ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ನಿಯಮ 138(4)ರಲ್ಲೇ ಇದೆ. ಶೋರೂಮಿನಲ್ಲಿ ಬಿಲ್ ಮಾಡಿಸುವಾಗ ಈ ನಿಯಮದ ಸಂಖ್ಯೆ ಹೇಳಿ ಕೇಳಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಹಾಗಿದ್ದೂ ಹೆದ್ದಾರಿ ಬದಿಯಲ್ಲಿ ಹಗ್ಗಕ್ಕೆ ತೂಗುಹಾಕಿ ಇನ್ನೂರು ರೂಪಾಯಿಗೆ ಮಾರುವ ಚಿಪ್ಪುಗಳನ್ನು ಎಲ್ಲರೂ ನೋಡಿದ್ದೇವೆ. ಕೊಳ್ಳುವಾಗ ಐಎಸ್ 4151 ಎಂಬ ಸಂಖ್ಯೆ ಇದೆಯೇ ನೋಡಿ. ಒಳಗಿನ ಬಟ್ಟೆ ಸರಿಸಿ ಬೆರಳಲ್ಲಿ ಒತ್ತಿ, ಬಿಗಿಯಾದ ಥರ್ಮಕೋಲಿನಂಥ ಪದರ ಸಿಗಬೇಕು. ಪೆಟ್ಟನ್ನು ನುಂಗಿಕೊಳ್ಳುವುದು ಅದೇ, ಹೊರಗಿನ ಚಿಪ್ಪಲ್ಲ. ಪಟ್ಟಿ ಹಾಕಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಷ್ಟೇ ಜಾಗ ಇರಬೇಕು. ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಿದಾಗ ಕಳಚಿ ಬಂದರೆ ಆ ಸೈಜು ನಿಮ್ಮದಲ್ಲ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಥರ್ಮಕೋಲ್ ಒಳಗೇ ಅದುಮಿಹೋಗಿರುತ್ತದೆ. ಹೊರಗೆ ಗೀರು ಕಾಣದಿದ್ದರೂ ಬದಲಿಸಲೇಬೇಕು.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಸವಾರ ಬೀಳುವುದು ಯಾಕೆ ಎಂದು ಕೇಳಿಕೊಂಡರೆ ಉತ್ತರ ಬೈಕಿನಿಂದ ರಸ್ತೆಗೆ ಇಳಿಯುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ಡಿಸೆಂಬರ್, ಜನವರಿಯಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡ ಹರವಿ, ಓಡಾಡುವ ಗಾಡಿಗಳಿಂದಲೇ ಒಕ್ಕಣೆ. ಹುಲ್ಲಿನ ಕೆಳಗೆ ಉದುರಿದ ಹುರುಳಿ ಗೋಲಿಯಂತೆ ಟೈರಿನಡಿ ಉರುಳುತ್ತದೆ. ಅಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಮುಂಚಕ್ರ ಜಾರಿ ಕ್ಷಣದಲ್ಲಿ ನೆಲ ಸೇರಬೇಕಾಗುತ್ತದೆ. ಹುಲ್ಲು ಕಾಣುತ್ತಲೇ, ಅದರ ಮೇಲೆ ಹತ್ತುವ ಮುಂಚೆಯೇ, ವೇಗ ಇಳಿಸಿ ಎರಡನೇ ಗೇರಿಗೆ ಬನ್ನಿ. ಹುಲ್ಲಿನ ಮೇಲೆ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ, ನೆಟ್ಟಗೆ ದಾಟಿ. ರೈತನನ್ನು ಬೈದು ಫಲವಿಲ್ಲ, ಅವನಿಗೆ ಕಣವಿಲ್ಲ. ಉದ್ಯೋಗ ಖಾತ್ರಿಯಲ್ಲಿ ಕಾಂಕ್ರೀಟ್ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳಿವೆ. ಅಂಥ ಒಂದೊಂದು ಕಣವೂ ಬೈಕ್ ಸವಾರರ ಸುರಕ್ಷತೆಯ ಕೆಲಸವೇ ಆಗಿದೆ, ಆದರೆ ಅದನ್ನು ಯಾರೂ ಆ ಲೆಕ್ಕದಲ್ಲಿ ಬರೆಯುವುದಿಲ್ಲ.

ಹಂಪ್ಸ್ ಇನ್ನೊಂದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಮೇಲೆ ಪಟ್ಟೆ ಬಳಿದಿರಬೇಕು, ಮುಂಚೆಯೇ ಫಲಕವಿರಬೇಕು. ಊರೊಳಗಿನ ಹಂಪ್ಸ್ ನೋಡಿದರೆ ಎತ್ತರ ಅದಕ್ಕೂ ಮೀರಿ, ಅಗಲ ಒಂದು ಮೊಳ, ಬಣ್ಣ ಇಲ್ಲವೇ ಇಲ್ಲ. ಅಡ್ಡಗಾಲಲ್ಲಿ ಒಂದೇ ಕಡೆ ಕೂತ ಹೆಂಗಸರು ಹಾರಿ ಹಿಂದಕ್ಕೆ ಬೀಳುವುದು ಇಲ್ಲೇ. ಅವರ ತಲೆಗೆ ಹೆಲ್ಮೆಟ್ ಇರುವುದು ಅಪರೂಪ. ಹಿಂದೆ ಕೂತವರಿಗೆ ಹಿಡಿಯಲು ಹಿಡಿ, ಕಾಲಿಡಲು ಫುಟ್‌ರೆಸ್ಟ್, ಸೀರೆ ಸಿಕ್ಕದಂತೆ ಹಿಂಚಕ್ರಕ್ಕೆ ಅರ್ಧದಷ್ಟಾದರೂ ಮರೆ ಇರಬೇಕೆಂದು ನಿಯಮ 123 ಹೇಳುತ್ತದೆ. ಚೆಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸುವವರು ಇದನ್ನು ಗಮನಿಸಬೇಕು.

ಘಾಟಿಯದು ಬೇರೆಯೇ ಪಾಠ. ಚಾರ್ಮಾಡಿ, ಶಿರಾಡಿ ಇಳಿಯುವಾಗ ಪೆಟ್ರೋಲ್ ಉಳಿಯಲಿ ಎಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಜಾರಿಸುವವರಿದ್ದಾರೆ. ಆಗ ಗಾಡಿಯ ಪೂರ್ತಿ ಭಾರ ಡ್ರಮ್ಮಿನ ಮೇಲೆ ಬೀಳುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಹಿಡಿತ ಕಡಿಮೆಯಾಗುತ್ತದೆ, ಪೆಡಲ್ ಒತ್ತಿದಷ್ಟೂ ಕೆಳಗಿಳಿಯುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಗೇರಿಲ್ಲದ ಸ್ಕೂಟರಿಗೆ ಇನ್ನೂ ಎಚ್ಚರ ಬೇಕು. ವೇಗ ತೀರಾ ಇಳಿದಾಗ ಅದರ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ, ಎಂಜಿನ್ ಹಿಡಿತ ಇಲ್ಲವಾಗುತ್ತದೆ. ಎರಡೂ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಬೇಕು. ಸುಟ್ಟ ವಾಸನೆ ಬಂದರೆ ಹತ್ತು ನಿಮಿಷ ನಿಲ್ಲಿಸಿ. ಬಿಸಿ ಡ್ರಮ್ಮಿಗೆ ನೀರು ಸುರಿಯಬೇಡಿ.

ಕೊಟ್ಟಿಗೆಹಾರದ ಮಂಜಿನಲ್ಲಿ ಎಷ್ಟು ವೇಗ ಎಂದರೆ, ಕಾಣುವಷ್ಟು ದೂರದಲ್ಲಿ ನಿಲ್ಲಬಲ್ಲಷ್ಟು. ಕಣ್ಣಿಗೆ ಬಿದ್ದು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದು ಹಿಡಿದರೆ, ಒದ್ದೆ ರಸ್ತೆಯಲ್ಲಿ, ಒಳ್ಳೆಯ ಟೈರಿನಲ್ಲಿ, 60ರ ವೇಗದ ಗಾಡಿ ನಿಲ್ಲಲು ಸುಮಾರು 50 ಮೀಟರ್ ಬೇಕು. 40ರಲ್ಲಿ 27, 25ರಲ್ಲಿ 13. ಹದಿನೈದು ಮೀಟರ್ ಆಚೆ ಏನೂ ಕಾಣದ ಮಂಜಿನಲ್ಲಿ 25ಕ್ಕಿಂತ ಮೇಲೆ ಓಡಿಸಿದರೆ ಎದುರಿಗೆ ನಿಂತ ಲಾರಿಗೆ ಗುದ್ದುವ ಅಪಾಯ ಇದ್ದೇ ಇದೆ. ಟೈರ್ ಸವೆದಿದ್ದರೆ ಈ ಲೆಕ್ಕವೂ ಸುಳ್ಳು. ಬೈಕ್ ಟೈರಿನ ಗೀರಿನ ಆಳ 0.8 ಮಿಲಿಮೀಟರ್ ಇದ್ದರೆ ಕಾನೂನಿಗೆ ಸಾಕು, ಮಲೆನಾಡಿನ ಮಳೆಗೆ ಸಾಲದು. ಮೇ ಕೊನೆಯಲ್ಲಿ 2 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮಳೆಗೆ ಮುಂಚೆಯೇ ಬದಲಿಸಿ.

ಇಷ್ಟನ್ನು ಕಲಿಸಲು ದೊಡ್ಡ ನಿಧಿ ಬೇಕೇ? ಸಂತೆಯಿಲ್ಲದ ದಿನ ಖಾಲಿ ಇರುವ ಎಪಿಎಂಸಿ ಯಾರ್ಡು ಸಾಕು. ನೇರವಾಗಿ ಅರವತ್ತು ಮೀಟರ್ ಗಟ್ಟಿ ನೆಲ, ಎರಡು ಡಜನ್ ಕೋನ್, ಒಂದು ಅಳತೆ ಟೇಪು, ಎರಡು ಬಕೆಟ್ ನೀರು. ಒಬ್ಬ ಬೋಧಕನಿಗೆ ಆರು ಜನ, ಒಂದು ದಿನ. ಬೆಳಿಗ್ಗೆ ಮೊದಲ ಒಂದು ಗಂಟೆ ಎಲ್ಲರ ಗಾಡಿಯ ತಪಾಸಣೆ: ಬ್ರೇಕ್ ಪೆಡಲಿನ ಆಟ 20ರಿಂದ 30 ಮಿಲಿಮೀಟರ್, ಚೈನಿನ ಸಡಿಲ ಸುಮಾರು ಅಷ್ಟೇ, ಟೈರ್ ಗಾಳಿ ಚೈನ್ ಕವರ್ ಮೇಲಿನ ಸ್ಟಿಕ್ಕರಿನಲ್ಲಿ ಇರುವಷ್ಟು. ಶೂ ಸವೆದವನಿಗೆ ಅಲ್ಲೇ ಶೂ ಹಾಕಿಸಿ. ಆಮೇಲೆ 30ರ ವೇಗದಲ್ಲಿ ಗೆರೆ ಬಂದಾಗ ಎರಡೂ ಬ್ರೇಕ್ ಒತ್ತಿ ನಿಲ್ಲುವುದು, ನಿಂತ ದೂರ ಅಳೆದು ಬರೆಯುವುದು. ಹಿಂದಿನ ಬ್ರೇಕ್ ಮಾತ್ರ, ಮುಂದಿನದು ಮಾತ್ರ, ಎರಡೂ ಸೇರಿ, ಮೂರು ಸಲದ ದೂರ ಎದುರಿಗಿಟ್ಟರೆ ‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ’ ಎಂಬ ಹಳೆಯ ಭಯ ಹೋಗುತ್ತದೆ. ಮಧ್ಯಾಹ್ನ ನೆಲಕ್ಕೆ ನೀರು ಹಾಕಿ ಅದನ್ನೇ, ನಂತರ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅದನ್ನೇ. ಹಣ ಬೇಕಾಗುವುದು ಬೋಧಕನ ಸಂಬಳಕ್ಕೆ ಮತ್ತು ಶೂಗಳಿಗೆ. ಅದನ್ನು ಕೊಡಬೇಕಾದ್ದು ಈಗಾಗಲೇ ಇರುವ ನಿಧಿ.

ಆ ನಿಧಿಯಲ್ಲಿ ನಮ್ಮ ಜಿಲ್ಲೆಯ ಪಾಲೇನು ಎಂದು ಕೇಳುವ ದಾರಿ ಎಲ್ಲರಿಗೂ ತೆರೆದಿದೆ. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 6(1)ರಡಿ ಬಿಳಿ ಹಾಳೆಯ ಮೇಲೆ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಒಂದು ಅರ್ಜಿ ಪ್ರಾದೇಶಿಕ ಸಾರಿಗೆ ಅಧಿಕಾರಿಯ ಕಚೇರಿಗೆ: ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಈ ಕಚೇರಿಯಲ್ಲಿ ದ್ವಿಚಕ್ರ ವಾಹನ ನೋಂದಣಿ ವೇಳೆ ಸಂಗ್ರಹವಾದ ರಸ್ತೆ ಸುರಕ್ಷತಾ ಸೆಸ್ ಎಷ್ಟು, ವರ್ಷವಾರು ಕೊಡಿ. ಇನ್ನೊಂದು ಜಿಲ್ಲಾಧಿಕಾರಿ ಕಚೇರಿಗೆ: ಅದೇ ಮೂರು ವರ್ಷ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗಳ ನಡಾವಳಿ ಮತ್ತು ರಸ್ತೆ ಸುರಕ್ಷತಾ ನಿಧಿಯಿಂದ ಜಿಲ್ಲೆಗೆ ಬಂದ ಹಣ, ಖರ್ಚಿನ ವಿವರ, ದೃಢೀಕೃತ ಪ್ರತಿ ಕೊಡಿ. ಪ್ರತಿ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಉತ್ತರಕ್ಕೆ 30 ದಿನ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ, ಮೇಲ್ಮನವಿಗೆ ಅದು ಬೇಕಾಗುತ್ತದೆ.